ಚಾತಿಯ ಕತೆಗೆ ನಾನು ಹಚ್ಚಿದ ಬಾಲ

ಚಾತಿ ಸತ್ತು ಇವತ್ತಿಗೆ ಇಪ್ಪತ್ತಾರು ದಿನ. ಅವಳ ಬಗ್ಗೆ ನಾಲ್ಕು ಮಾತು ಬರೀತೀನಿ ಅಂತ ಅವಳ ಮಗಳು ಜಾನು ಹತ್ರ ಹೇಳ್ದೆ. ಜಾನು ಗದ್ದೆ ಬದುವಿನ ಮೇಲೆ ನಿಂತು ನನ್ನನ್ನ ಮೇಲಿಂದ ಕೆಳಗಿನವರೆಗೂ ಒಂದ್ಸಲ ನೋಡಿದ್ಲು. "ಬರಿ ಅಪ್ಪಯ್ಯ. ಆದ್ರೆ ನಿಂದು ಅಂತ ಏನೂ ಸೇರಿಸ್ಬೇಡ" ಅಂದ್ಲು. ಊರಿನ ಹಿರಿಯರನ್ನ ಅವರು ಅಪ್ಪಯ್ಯ ಅನ್ನೋದು.

ಅವಳು ಹಂಗೆ ಹೇಳೋಕೆ ಕಾರಣ ಇದೆ. ನಾನು ಶಿವನಂಜಪ್ಪ, ಮಲಯಾಳ ಸೀಮೆಯ ಚೇಕಾಡಿಯವನು. ನಂಜಪ್ಪ ಮಳೆ ಬರ್ತಿದೆ ಅಂದ್ರೆ ಈ ಊರಲ್ಲಿ ಜನ ಅಂಗಳಕ್ಕೆ ಕೈ ಚಾಚಿ ನೋಡಿಯೇ ಕೊಡೆ ತಗೊಳ್ಳೋದು. ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಒಂದು ಎಮ್ಮೆ, ಒಂದು ಹಿತ್ತಾಳೆ ಚೊಂಬು ಹಿಡ್ಕೊಂಡು ಕಾಡು ದಾಟಿ ಬಂದೋನು. ದಾರೀಲಿ ಹುಲಿ ಅಡ್ಡ ಬಂದಾಗ ಅದಕ್ಕೆ ಎಲೆ ಅಡಿಕೆ ಮಡಿಚಿ ಕೊಟ್ನಂತೆ. ಅದು ಅವನು ಹೇಳಿದ್ದು, ನಾನು ಬರೀ ಸುಣ್ಣ ಸೇರಿಸಿದ್ದೀನಿ. ಕರ್ಕಾಟಕ ತಿಂಗಳ ಜಡಿಮಳೇಲಿ ಇಲ್ಲಿ ಒಂದು ಜಿಗಣೆ ನನ್ನ ಸೊಂಟ ಸುತ್ಕೊಂಡು ಬೆಲ್ಟ್ ಥರ ಕೂತಿತ್ತು, ಪುಲ್ಪಳ್ಳಿ ಬಸ್ಸಲ್ಲಿ ಕಂಡಕ್ಟರು ಅದಕ್ಕೆ ಅರ್ಧ ಟಿಕೆಟ್ ಹರಿದ. ಇದು ನಿಜ. ಸರಿ, ಮುಕ್ಕಾಲು ನಿಜ. ನನ್ನ ಹೆಂಡ್ತಿ ಸರೋಜಮ್ಮ ಒಳಗಿಂದ "ಜಿಗಣೆ ಬಿಟ್ಟು ಚಾತಿ ವಿಷ್ಯ ಬರೀರಿ" ಅಂತ ಕೂಗ್ತಿದ್ದಾಳೆ.

ಚಾತಿ ಕಾಡಿನ ಜನದೋಳು. ನಮ್ಮ ಗದ್ದೆ ಮುಗಿಯೋ ಕಡೆ, ಕಾಡು ಶುರು ಆಗೋ ಕಡೆ, ಅವರ ಹದಿನಾಲ್ಕು ಮನೆಯ ಹಾಡಿ. ರೇಷನ್ ಕಾರ್ಡಲ್ಲಿ ಅವಳಿಗೆ ಅರವತ್ತೆಂಟು. ಬರೆಯೋಕೆ ಬಂದಿದ್ದ ಆಫೀಸರು ಅವಸರದಲ್ಲಿದ್ದ, ಮುಖ ನೋಡಿ ಒಂದು ನಂಬರು ಹಾಕ್ದ. ಕುಳ್ಳಿ. ನಗುವಾಗ ಒಂದು ಕಣ್ಣು ಪೂರ್ತಿ ಮುಚ್ಚೋದು, ಇನ್ನೊಂದು ಕಣ್ಣು ನಾವು ನಗ್ತೀವೋ ಇಲ್ವೋ ಅಂತ ನೋಡ್ತಾ ಇರೋದು. ಅವರ ಮಾತು ನಮ್ಮ ಕನ್ನಡಕ್ಕೆ ತಂಗಿ ಇದ್ದಂಗೆ. ನಾನು ಮೀಸೆ ಬರೋ ಮೊದ್ಲೇ ಅವರ ಜೊತೆ ಕೆಸರಲ್ಲಿ ಇಳಿದೋನು, ಅದಕ್ಕೆ ನಂಗೆ ಅವರ ಮಾತು ನೀರು. ಮಲಯಾಳ ಶಾಲೆದು, ಕಚೇರಿದು. ಚಾತಿ ಶಾಲೆಗೂ ಹೋಗ್ಲಿಲ್ಲ, ಕಚೇರಿಗೂ ಹೋಗ್ಲಿಲ್ಲ, ಅವಳದ್ದು ಅಂಗಡಿಗೆ ಸಾಕಾಗೋವಷ್ಟು ಮಲಯಾಳ.

ನಮ್ಮ ಗದ್ದೇಲಿ ಗಂಧಕಸಾಲೆ ಭತ್ತದ ನಾಟಿಗೆ ಹನ್ನೆರಡು ಹೆಂಗಸರು ಸಾಲಾಗಿ ನಿಲ್ಲೋರು. ಎಡಗಡೆ ಕೊನೇಲಿ ಚಾತಿ. ಬಗ್ಗಿದ್ಲು ಅಂದ್ರೆ ಕತೆ ಶುರು. ಕತೆ ಮೆತ್ತಗಿದ್ರೆ ಕೈ ಮೆತ್ತಗೆ. ಕತೇಲಿ ಯಾರಾದ್ರೂ ಓಡೋಕೆ ಹತ್ತಿದ್ರೆ ಹನ್ನೆರಡು ಕೈಯೂ ಓಡೋದು. ಪಡುವಲಲ್ಲಿ ಮೋಡ ಕಟ್ಟಿದ್ರೆ ಚಾತಿ ತಲೆ ಎತ್ತಿ ಒಂದ್ಸಲ ನೋಡಿ, ಕತೆಗೆ ಒಂದು ರಾಕ್ಷಸನ್ನ ಬಿಡೋಳು. ಅರ್ಧ ಗಂಟೇಲಿ ಒಂದು ಗದ್ದೆ ಮುಗಿಯೋದು. ಕೆಲಸ ಮಾಡಿಸೋಕೆ ಬದುವಿನ ಮೇಲೆ ನಿಂತ ನನ್ನನ್ನ ನೋಡಿ, "ನಂಜಪ್ಪಣ್ಣ ಬದು ಕಾಯ್ತಾ ಇದ್ದಾನೆ, ಅದು ಎದ್ದು ಓಡಿ ಹೋಗ್ತದೆ ಅಂತ" ಅಂತ ಛೇಡಿಸೋಳು. ಹೆಂಗಸರು ಬಗ್ಗಿದ ಕಡೆಯೇ ನಗೋರು, ಸೊಂಟ ಅಲ್ಲಾಡೋದು, ಸಸಿ ಅಲ್ಲಾಡ್ತಿರ್ಲಿಲ್ಲ.

ಅವಳ ಕತೆಗಳಲ್ಲಿ ದೊಡ್ಡದು ಮಂಗಟ್ಟೆ ಹಕ್ಕಿಯ ಕತೆ. ಮಂಗಟ್ಟೆ ಗೊತ್ತಲ್ಲ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ಕೊಂಡಿರೋ ಹಕ್ಕಿ. ಹೆಣ್ಣು ಮರದ ಪೊಟರೆ ಒಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ಕೊಳ್ತದೆ, ಗಂಡು ಹೊರಗಿಂದ ಸಂದಿಯಲ್ಲಿ ಹಣ್ಣು ಕೊಡ್ತದೆ. ಇದು ಕಾಡಲ್ಲಿ ಯಾರು ಬೇಕಾದ್ರೂ ನೋಡಬಹುದು. ಚಾತಿ ಕತೇಲಿ ಆ ಹಕ್ಕಿ ಒಂದು ಮನೆಯಷ್ಟು ದೊಡ್ಡದು.

ಬಲು ಹಿಂದೆ ಹಸಿವು ಅನ್ನೋದು ಮನುಷ್ಯನ ಥರ ನಡ್ಕೊಂಡು ಕಾಡಿಗೆ ಬಂತಂತೆ. ಅದಕ್ಕೆ ಹೊಟ್ಟೆ ಇಲ್ಲ, ಬರೀ ಬಾಯಿ. ಗೆಡ್ಡೆ ತಿಂತು, ಜೇನು ತಿಂತು, ಹೊಳೆ ಕುಡೀತು, ಆಮೇಲೆ ಮಕ್ಕಳ ಕಡೆ ತಿರುಗ್ತು. ಆಗ ಆ ಹಕ್ಕಿ ಹಾಡಿಯ ಮಕ್ಕಳನ್ನೆಲ್ಲ ಹೆಕ್ಕಿ ಒಂದು ಮುದಿ ಮರದ ಪೊಟರೇಲಿ ಇಟ್ಟು, ಬಾಗಿಲಿಗೆ ಮಣ್ಣು ಮೆತ್ತಿ, ತಾನು ಹೊರಗೆ ನಿಂತ್ಕೊಂತು. ಒಂದು ಬೆರಳು ಹೋಗೋವಷ್ಟು ಸಂದಿ ಬಿಟ್ಟಿತ್ತು. ಹಣ್ಣಿರೋವರೆಗೂ ಹಣ್ಣು ಕೊಡ್ತು. ಹಣ್ಣು ಮುಗಿದ ಮೇಲೆ ಗರಿ ಕಿತ್ತು ಕೊಡ್ತು. ಗರಿ ಮುಗಿದ ಮೇಲೆ ರೆಕ್ಕೆ ಮಾಂಸ ಕೊಡ್ತು. ಹಸಿವು ಮರದ ಬುಡಕ್ಕೆ ಬಂದಾಗ ಆ ಹಕ್ಕಿ ಸಂದಿಗೆ ತನ್ನ ಬೆನ್ನು ಕೊಟ್ಟು ಕೂತ್ಕೊಂತು.

ಅಲ್ಲಿಗೆ ಚಾತಿ ಬಾಯಿ ಮುಚ್ಚೋಳು. "ನಿಮ್ಮದು ಇಲ್ಲಿಗೆ ಮುಗೀತು" ಅನ್ನೋಳು.

ಯಾಕಂದ್ರೆ ಉಳಿದದ್ದು ಬದುಕಿರೋರಿಗಲ್ಲ. ಅವಳ ಮನೆತನದಲ್ಲಿ ಅದೊಂದು ಕಟ್ಟಳೆ. ಹಾಡೀಲಿ ಯಾರು ಸತ್ತರೂ ಮಣ್ಣಿಗೆ ಒಯ್ಯೋ ಮೊದ್ಲು ಚಾತಿ ಒಬ್ಬಳೇ ಹೆಣದ ಪಕ್ಕ ಕೂತು, ಆ ಬಾಗಿಲು ಹೆಂಗೆ ತೆರೀತು ಅನ್ನೋದನ್ನ ಕಿವಿಯಲ್ಲಿ ಹೇಳ್ತಾಳೆ. ಕೇಳಿಸ್ಕೊಂಡ ಮೇಲೇ ಸತ್ತವರು ಹೊರಡ್ತಾರೆ. ಕೇಳ್ದೆ ಹೋದೋರು ಒಳಗೇ ಕೂತಿರ್ತಾರೆ. ಎಲ್ಲಿ ಒಳಗೆ ಅಂತ ನಾನು ಕೇಳಿದ್ದೆ. "ಕತ್ತಲಲ್ಲಿ, ಇನ್ನೆಲ್ಲಿ" ಅಂದಿದ್ಲು. ಸುಮ್ನೆ ಬದುಕಿರೋರ ಕಿವಿಗೆ ಅದು ಬಿತ್ತು ಅಂದ್ರೆ ಒಡೆದ ಮಡಕೆ, ಆಮೇಲೆ ಯಾವ ಹೆಣಕ್ಕೂ ಉಪಯೋಗ ಇಲ್ಲ. ಒಂದು ಕಾಲಕ್ಕೆ ಒಬ್ಬಳಿಗೇ ಗೊತ್ತಿರ್ಬೇಕು. ಮುಂದಿನವಳಿಗೆ ಕೊಡೋಕೂ ಒಂದು ರೀತಿ ಇತ್ತಂತೆ, ಅದೇನು ಅಂತ ನಂಗೆ ಗೊತ್ತಿಲ್ಲ. ಮಗಳು ಜಾನುಗೆ ಅವಳು ಅದನ್ನ ಕೊಡ್ಲಿಲ್ಲ. ಜಾನು ವಯಸ್ಸಲ್ಲಿ ಯಾರದೋ ಹಿಂದೆ ಕೊಡಗಿಗೆ ಶುಂಠಿ ಕೆಲಸಕ್ಕೆ ಹೋಗಿ, ಬರುವಾಗ ಮಗು ಎತ್ಕೊಂಡು ಬಂದೋಳು. ತಾಯಿ ಮಗಳಿಗೆ ಮಾತಿತ್ತು, ಆದ್ರೆ ಮಾತಿನ ಮಧ್ಯೆ ಒಂದು ಮುಳ್ಳಿತ್ತು. ಚಾತಿ ಆರಿಸಿದ್ದು ಆ ಮಗೂನ, ಮೊಮ್ಮಗಳು ಗೀತೂನ. "ಅವಳು ದೊಡ್ಡವಳಾಗ್ಲಿ" ಅಂತ ಕಾಯ್ತಿದ್ಲು.

ಈಗ ನನ್ನ ಪಾಪದ ವಿಷ್ಯಕ್ಕೆ ಬರ್ತೀನಿ.

ಆರೇಳು ವರ್ಷದ ಹಿಂದೆ ಕೋಟ್ಟಯಂ ಕಡೆಯ ಒಬ್ಬ ಹುಡುಗ ಬಂದ, ಹೆಸರು ಬಿನು. ಗಡ್ಡ ಇತ್ತು, ಚಪ್ಪಲಿ ಹರಿದಿತ್ತು. ಮೊದಲನೇ ಸಿನಿಮಾ ತೆಗೀಬೇಕು, ಮಾಯ ಮಂತ್ರದ್ದು, ದೊಡ್ಡ ಪ್ರಾಣಿ ಪಕ್ಷಿ ಇರೋದು, ಆದ್ರೆ ಕತೆ ಇಲ್ಲಿನ ಮಣ್ಣಿಂದೇ ಬೇಕು ಅಂದ. ಯಾರೋ ಚಾತಿ ಹೆಸರು ಹೇಳಿದ್ರಂತೆ. ನಮ್ಮ ಜಗಲೀಲಿ ಕೂತ್ವಿ. ಚಾತಿ ಅವಳ ಮಾತಲ್ಲಿ ಹೇಳೋಳು, ನಾನು ಮಲಯಾಳಕ್ಕೆ ತಿರುಗಿಸೋನು. ಹಕ್ಕಿ ಸಂದಿಗೆ ಬೆನ್ನು ಕೊಟ್ಟು ಕೂತಲ್ಲಿಗೆ ಚಾತಿ ನಿಲ್ಲಿಸಿ, "ಇಷ್ಟೇ" ಅಂದು, ಬಾಯಿ ತೊಳೆಯೋಕೆ ನಲ್ಲಿ ಹತ್ರ ಹೋದ್ಲು.

"ಬಾಕಿ ಏನು ಚೇಟ್ಟಾ? ಆ ಪಕ್ಷಿಗೆ ಏನಾಯ್ತು?" ಅಂತ ಬಿನು ಕೇಳ್ದ. ಚೇಟ್ಟ ಅಂದ್ರೆ ಅಣ್ಣ.

'ಹೇಳಲ್ಲ, ಅದು ಸತ್ತೋರಿಗೆ' ಅಂದಿದ್ರೆ ಮುಗೀತಿತ್ತು. ಆದ್ರೆ ಆ ಹುಡುಗನ ಮುಖ ನೋಡಿ. ಬಾಯಿ ತೆರ್ಕೊಂಡು ಕೂತಿದ್ದ. ಬಾಯಿ ತೆರ್ಕೊಂಡು ಕೂತೋರನ್ನ ಕಂಡ್ರೆ ನನ್ನ ನಾಲಿಗೆ ನನ್ನ ಮಾತು ಕೇಳಲ್ಲ. "ಸತ್ತೋಯ್ತು" ಅಂದೆ. "ಹಸಿವು ಅದರ ಮೂಳೆ ಸಮೇತ ಜಗಿದು ಉಗೀತು. ಆದ್ರೆ ಮೂರನೇ ದಿನ ಬೆಳಿಗ್ಗೆ ಆ ಮೂಳೆ ಎಲ್ಲ ಒಟ್ಟುಗೂಡಿ, ಮೈ ತುಂಬ ಚಿನ್ನದ ಗರಿ ಬಂದು, ಹಕ್ಕಿ ಎದ್ದು ಕೂತು, ಕೊಕ್ಕಿನಿಂದ ಬಾಗಿಲು ಒಡೀತು. ಒಳಗಿದ್ದ ಮಕ್ಕಳೆಲ್ಲ ಜೀವಂತ ಹೊರಗೆ ಬಂದ್ರು." ಮೂರನೇ ದಿನ ಯಾಕೆ ಅಂದೆ ಅಂತ ಕೇಳ್ಬೇಡಿ. ಬಾಯಿಗೆ ಬಂತು. ನಾಲ್ಕು ಅಂದಿದ್ರೂ ಆಗ್ತಿತ್ತು.

ಬಿನು ಕಣ್ಣೊರೆಸ್ಕೊಂಡ. ಸಣ್ಣೋನಿದ್ದಾಗ ಈಸ್ಟರ್ ದಿನ ಬೆಳಗಾಗೋ ಮೊದ್ಲು ಅಮ್ಮ ಕೈ ಹಿಡ್ಕೊಂಡು ಚರ್ಚಿಗೆ ಕರ್ಕೊಂಡು ಹೋಗ್ತಿದ್ಳಂತೆ, ಅಮ್ಮ ಈಗಿಲ್ಲ ಅಂದ. "ಈ ಕಾಡಲ್ಲೂ ಅದೇ ಕತೆ ಇದೆ ಚೇಟ್ಟಾ, ಬೇರೆ ಹೆಸರಲ್ಲಿ" ಅಂದ. ನಾನು ತಲೆ ಆಡಿಸ್ದೆ.

ಚಾತಿ ಸೆರಗಲ್ಲಿ ಬಾಯಿ ಒರೆಸ್ಕೊಂಡು ಬಂದು, "ಇವನ್ಯಾಕೆ ಅಳ್ತಾನೆ?" ಅಂದ್ಲು.

"ಕತೆ ಚೆನ್ನಾಗಿದೆಯಂತೆ."

"ಮುಗಿದೇ ಇಲ್ಲ, ಆಗ್ಲೇ ಅತ್ತುಬಿಟ್ನಾ? ಪಾವಂ, ಪಾಪ" ಅಂದ್ಲು.

ಶೂಟಿಂಗು ನಮ್ಮ ಗದ್ದೆ ಪಕ್ಕದಲ್ಲೇ ನಡೀತು. ಸುತ್ತ ಸಾವಿರ ಮರ ಇದ್ರೂ ಪ್ಲೈವುಡ್ಡಿಂದೇ ಒಂದು ಮರ ಮಾಡಿದ್ರು. ಹಕ್ಕಿ ಆಮೇಲೆ ಕಂಪ್ಯೂಟರಲ್ಲಿ ಬರ್ತದಂತೆ, ಸದ್ಯಕ್ಕೆ ಒಬ್ಬ ಉದ್ದ ಕೋಲಿಗೆ ಹಸಿರು ಚೆಂಡು ಸಿಕ್ಕಿಸ್ಕೊಂಡು ಓಡ್ತಿದ್ದ, ಹಾಡಿ ಮಕ್ಕಳು ಅದನ್ನ ನೋಡಿ ಹೆದರ್ಬೇಕು. "ಚೆಂಡಿಗೆ ಹೆದರೋಕೆ ಇವಕ್ಕೇನು ಹುಚ್ಚಾ?" ಅಂತ ಚಾತಿ ದಿನಾ ನಗೋಳು. ಮಕ್ಕಳ ಗುಂಪಲ್ಲಿ ಗೀತೂನೂ ಇದ್ಲು, ಒಂಬತ್ತು ವರ್ಷ. ಕಣ್ಣು ದೊಡ್ಡದು ಅಂತ ಬಿನು ಅವಳನ್ನ ಮುಂದೆ ನಿಲ್ಲಿಸ್ದ. ಸಿನಿಮಾದ ಕೊನೇಲಿ ಮಣ್ಣು ಒಡೆದು, ಬೆಳಕು ಬಿದ್ದು, ಪೊಟರೆಯಿಂದ ಮೊದಲು ಹೊರಗೆ ಬರೋಳು ಗೀತು.

ಬತ್ತೇರಿ ಪೇಟೆಯ ಥಿಯೇಟರಿಗೆ ಒಂದು ಜೀಪಲ್ಲಿ ಹತ್ತೊಂಬತ್ತು ಜನ ಹೋದ್ವಿ. ಇದರಲ್ಲಿ ಸುಳ್ಳಿಲ್ಲ, ಹತ್ತೊಂಬತ್ತೇ, ನಾನು ಬಾನೆಟ್ ಮೇಲೆ. ಪರದೆ ಮೇಲೆ 'ಕತೆ: ಚಾತಿ' ಅಂತ ಬಂದಾಗ ನಾನು ಓದಿ ಹೇಳ್ದೆ. ಕೊನೇಲಿ ಆ ಹಕ್ಕಿ ಚಿನ್ನದ ರೆಕ್ಕೆ ಬಿಚ್ಚಿ ಎದ್ದಾಗ ಥಿಯೇಟರ್ ಪೂರ್ತಿ ಚಪ್ಪಾಳೆ. ಹಿಂದಿನ ಸೀಟಲ್ಲಿ ಯಾರೋ ಶಿಲುಬೆ ಎಳ್ಕೊಂಡ್ರು, ಮುಂದಿನ ಸೀಟಲ್ಲಿ ಯಾರೋ ಕೈ ಮುಗಿದ್ರು. ಜಾನು ಎದೆ ಮೇಲೆ ಕೈ ಇಟ್ಕೊಂಡು, ಪರದೆ ಮೇಲೆ ಮಗಳು ಹೊರಗೆ ಬರೋದನ್ನ ನೋಡ್ತಿದ್ಲು. ಚಾತಿ ಮಾತ್ರ ನನ್ನ ಮಣಿಕಟ್ಟು ಹಿಡಿದ್ಲು. ನಾಟಿ ಮಾಡಿ ಮಾಡಿ ಕಬ್ಬಿಣ ಆಗಿದ್ದ ಬೆರಳು.

"ಇದನ್ನ ಯಾರು ಹೇಳಿದ್ದು?"

"ಸಿನಿಮಾದವ್ರು" ಅಂದೆ. ಅದು ಎರಡನೇ ಸುಳ್ಳು.

ಅವಳು ಪರದೆ ಕಡೆ ನೋಡಿ ನಕ್ಕು, "ಪಾವಂ. ಅವರಿಗೆ ಸಾಯೋದು ಗೊತ್ತಿಲ್ಲ" ಅಂದ್ಲು.

ಸಿನಿಮಾ ಓಡ್ತು. ಊರ ಚಾಯ ಅಂಗಡೀಲಿ ಜಗಳವೂ ಓಡ್ತು. ವಾರ್ಡ್ ಮೆಂಬರ್ ಸುಕುಮಾರನ್ ಅಂಬಲದ, ಅಂದ್ರೆ ದೇವಸ್ಥಾನದ, ಕಮಿಟಿಯವನು. ಅವನು, "ಚಿನ್ನದ ರೆಕ್ಕೆ, ದೊಡ್ಡ ಕೊಕ್ಕು, ಇದು ನಮ್ಮ ಗರುಡ ಅಲ್ದೆ ಇನ್ನೇನು?" ಅಂದ. ಮೆಣಸಿನ ವ್ಯಾಪಾರದ ಔಸೇಪಚ್ಚನ್ ಗ್ಲಾಸು ಕುಟ್ಟಿ, "ಗರುಡ ಯಾರಿಗೋಸ್ಕರ ಸತ್ತಿದ್ದಾನೆ ಸುಕುಮಾರಾ? ಮೂರನೇ ದಿನ ಎದ್ದೋನು ಯಾರು, ಹೇಳು ನೋಡೋಣ" ಅಂದ. ಅಷ್ಟರಲ್ಲಿ ಚಾತಿ ವೀಳ್ಯದೆಲೆಗೆ ಬಂದ್ಲು. ಇಬ್ಬರೂ ಅವಳನ್ನ ಹಿಡ್ಕೊಂಡ್ರು.

"ಅಮ್ಮಾ ನೀನೇ ಹೇಳು, ಆ ಪಕ್ಷಿ ಇವರ ದೇವರೋ ನಮ್ಮ ದೇವರೋ?"

"ಮಂಗಟ್ಟೆ" ಅಂದ್ಲು ಚಾತಿ.

"ಅದಲ್ಲಮ್ಮ, ಅದರ ಒಳಗಿನ ಅರ್ಥ?"

"ಹಕ್ಕಿ ಒಳಗೆ ಕರುಳಿರ್ತದೆ. ನೀವು ಕೋಳಿ ತಿನ್ನಲ್ವಾ?" ಅಂದು ಎಲೆ ತಗೊಂಡು ಹೋದ್ಲು. ಅಂಗಡಿ ಅಂಗಡೀನೇ ನಕ್ತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನನ್ನ ಬಾಯಿಂದ ಬಿದ್ದದ್ದಕ್ಕೆ ಎರಡು ಧರ್ಮದವರು ಹೊಡೆದಾಡ್ತಿದ್ದಾರಲ್ಲ ಅಂತ ಒಳಗೊಳಗೇ ಮೀಸೆ ತಿರುವ್ಕೊಂಡಿದ್ದೆ. ಜಾನು ಮನೇಲಿ ಏನು ನಡೀತಿತ್ತು ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ಅವಳು ಸಿನಿಮಾದ ಆ ಕೊನೆಯನ್ನ ಫೋನಲ್ಲಿ ಹಾಕಿಸ್ಕೊಂಡಿದ್ಲು. ದಿನಾ ನೋಡೋಳು. ಒಂದಿನ ಮಾತ್ರ ಅಮ್ಮನ್ನ ಕೇಳಿದ್ಳಂತೆ, "ನಂಗೆ ಹೇಳದ ಕೊನೇನ ಆ ಗಡ್ಡದವನಿಗೆ ಹೇಳ್ದೆ, ಅಲ್ವಾ?" ಚಾತಿ, "ಅದು ಕೊನೆ ಅಲ್ಲ" ಅಂದ್ಲಂತೆ. "ಹಂಗಾದ್ರೆ ಯಾವುದು?" ಅಂದಾಗ ಚಾತಿ ಏನು ಹೇಳೋಕಾಗ್ತದೆ? ಸುಮ್ಮನಾದ್ಲು. ಅಮ್ಮ ಸುಮ್ಮನಾದದ್ದನ್ನ ಜಾನು ಹೌದು ಅಂತ ತಗೊಂಡ್ಲು.

ಗೀತುಗೆ ಅರಿವಾಳ್ ರೋಗ ಇತ್ತು. ಅರಿವಾಳ್ ಅಂದ್ರೆ ಕುಡುಗೋಲು. ರಕ್ತದ ಕಣ ಕುಡುಗೋಲಿನ ಥರ ಬಾಗಿ ನರದಲ್ಲಿ ಸಿಕ್ಕಿಹಾಕ್ಕೊಳ್ತದಂತೆ, ಆಗ ಮೂಳೆ ಮೂಳೇಲಿ ನೋವು. ಇಲ್ಲಿ ಕಾಡಿನ ಜನರಲ್ಲಿ ಎಷ್ಟೋ ಮನೇಲಿದೆ. ಮಳೆಗಾಲದಲ್ಲಿ ಜಾಸ್ತಿ. ಹದಿನಾಲ್ಕನೇ ವರ್ಷದ ಕರ್ಕಾಟಕದಲ್ಲಿ ಜ್ವರ ಬಂತು, ಎದೆ ಹಿಡೀತು. ಆಸ್ಪತ್ರೇಲಿ ಮಾಡೋದೆಲ್ಲ ಮಾಡಿದ್ರು. ಮಂಗಳವಾರ ಬೆಳಿಗ್ಗೆ ಆ ಮಗು ಹೋಯ್ತು. ಆಂಬುಲೆನ್ಸು ಗದ್ದೆವರೆಗೆ ಬಂತು, ಅಲ್ಲಿಂದ ಹಾಡಿಗೆ ಬದುವಿನ ಮೇಲೆ ನಾವು ಎತ್ಕೊಂಡು ಹೋದ್ವಿ. ಏನೂ ಭಾರ ಇರ್ಲಿಲ್ಲ. ಅದರಲ್ಲಿ ಸೇರಿಸೋಕೆ ನಂಗೆ ಏನೂ ಇಲ್ಲ.

ಚಾತಿ ಸ್ನಾನ ಮಾಡಿ ಒದ್ದೆ ಸೀರೇಲಿ ಬಂದ್ಲು, ಮೊಮ್ಮಗಳ ಕಿವೀಲಿ ಹೇಳೋಕೆ. ತಾನು ಸತ್ತಾಗ ತನ್ನ ಕಿವೀಲಿ ಹೇಳ್ತಾಳೆ ಅಂತ ಚಾತಿ ನಂಬ್ಕೊಂಡಿದ್ದ ಮಗು ಅದು. ಬರುವಷ್ಟರಲ್ಲಿ ಜಾನು ಮಗಳನ್ನ ಮನೆ ಒಳಗೆ ಮಲಗಿಸಿ, ಬಾಗಿಲು ಹಾಕಿ, ಅಡಿಕೆ ದಬ್ಬೆಯ ಕದಕ್ಕೆ ಒಳಗಿಂದ ಹಸಿ ಮಣ್ಣು ಮೆತ್ತೋಕೆ ಹತ್ತಿದ್ಲು. ಚಟ್ ಚಟ್ ಅಂತ ಶಬ್ದ ಬರ್ತಿತ್ತು. ಮೊದ್ಲು ನಮಗೆ ಅರ್ಥ ಆಗ್ಲಿಲ್ಲ. ಚಾತಿಯ ತಮ್ಮ ಕರಿಯನ್ ಕದ ತಟ್ಟಿ, "ಏನು ಮಾಡ್ತಿದ್ದೀಯ ಮಗಳೇ?" ಅಂದ.

"ಮೂರು ದಿನ ಯಾರೂ ಬರ್ಬೇಡಿ ಮಾಮ. ಮೂರನೇ ದಿನ ಬೆಳಿಗ್ಗೆ ನಾವಿಬ್ರೂ ಹೊರಗೆ ಬರ್ತೀವಿ."

ಆ ಮೂರು ನಂದು.

ಅವಳಿಗೆ ತಲೆ ಕೆಟ್ಟಿತ್ತು ಅಂತ ಜನ ಅಂದ್ರು. ಕೆಟ್ಟಿರ್ಲಿಲ್ಲ. ಸಿನಿಮಾ ಅನ್ನೋದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು, ಚೆಂಡು ಹಿಡ್ಕೊಂಡು ಓಡಿದವನನ್ನ ಅವಳೂ ನೋಡಿದ್ಲು. ಆದ್ರೆ ಕತೆ ಅಮ್ಮಂದು, ಅಮ್ಮನ ಕತೆ ಸುಳ್ಳಲ್ಲ. ಅಮ್ಮ ಮುಚ್ಚಿಟ್ಟ ಕೊನೆ ಸತ್ತವರ ಕೊನೆ. ಆ ಕೊನೇಲಿ ಗೀತು ಹೊರಗೆ ಬಂದದ್ದನ್ನ ಅವಳು ಕಣ್ಣಾರೆ ನೋಡಿದ್ಲು. ಇಷ್ಟು ನೇರಕ್ಕೆ ಯೋಚನೆ ಮಾಡಿದೋಳನ್ನ ಹುಚ್ಚಿ ಅನ್ನೋಕೆ ನನ್ನ ಬಾಯಿ ಬರಲ್ಲ.

ಮಂಗಳವಾರ ಹೋಯ್ತು, ಬುಧವಾರ ಹೋಯ್ತು. ಮಳೆ ನಿಲ್ಲಲಿಲ್ಲ. ಚಾತಿ ಕದದ ಹೊರಗೆ ಗೋಣಿ ಹಾಸ್ಕೊಂಡು ಕೂತಿದ್ಲು, ಎದ್ದು ಹೋಗ್ಲಿಲ್ಲ. ಗುರುವಾರ ಬೆಳಕಾಯ್ತು. ಒಳಗಿಂದ ಯಾರೂ ಬರ್ಲಿಲ್ಲ. "ಇನ್ನೂ ಮೂರಾಗಿಲ್ಲ. ಮಗು ಮನೆಗೆ ಬಂದದ್ದು ಮಧ್ಯಾಹ್ನ" ಅಂತ ಜಾನು ಸ್ವರ ಬಂತು. ಅಷ್ಟೊತ್ತಿಗೆ ಗಾಳಿ ಬೀಸಿದ್ರೆ ವಾಸನೆ ಬರೋಕೆ ಶುರು ಆಗಿತ್ತು. ಸುಕುಮಾರನ್ ಕೊಡೆ ಹಿಡ್ಕೊಂಡು ಬಂದು, "ನಂಜಪ್ಪಣ್ಣ, ಹಿಂಗೇ ಬಿಡೋಕಾಗಲ್ಲ. ಪೊಲೀಸಿಗೆ ಹೇಳಿ ಕದ ಒಡೆಸ್ಬೇಕಾಗ್ತದೆ" ಅಂದ. ಕೆಟ್ಟವನಲ್ಲ, ಅವನ ಕಣ್ಣೂ ಕೆಂಪಗಿತ್ತು. ಚಾತಿ ತಲೆ ಎತ್ತದೆ, "ಒಡೆದ್ರೆ ನನ್ನ ಮಗಳೂ ಹೋಗ್ತಾಳೆ. ಕೈಯಲ್ಲಿ ಕತ್ತಿ ಇದೆ" ಅಂದ್ಲು. ಸಂದಿಯಿಂದ ನೋಡಿದ್ಲಂತೆ.

ಆಗ ನಾನು ಹೋಗಿ ಕದದ ಮುಂದೆ ಕೆಸರಲ್ಲಿ ಕೂತೆ.

"ಜಾನು, ನಾನು ನಂಜಪ್ಪ. ಕೇಳ್ಕೋ. ಆ ಹಕ್ಕಿ ಏಳೋದು ನಿಮ್ಮಮ್ಮ ಹೇಳಿದ್ದಲ್ಲ. ಅವಳು ಬಾಯಿ ತೊಳೆಯೋಕೆ ಹೋಗಿದ್ಲು. ನಾನು ಹೇಳಿದ್ದು. ನಾನೇ ಕಟ್ಟಿದ್ದು."

ಒಳಗೆ ಜಾನು ನಕ್ಲು. ಆ ನಗು ನಾನು ಯಾವ ಶತ್ರುವಿಗೂ ಬಯಸಲ್ಲ.

"ಅಪ್ಪಯ್ಯ, ನಿನ್ನ ಜಿಗಣೆಗೆ ಬಸ್ಸಲ್ಲಿ ಟಿಕೆಟ್ ಕೊಟ್ರಲ್ಲ? ನಿಮ್ಮ ತಾತನ ಹುಲಿ ಎಲೆ ಅಡಿಕೆ ಹಾಕ್ಕೊಂತಲ್ಲ? ಈಗ ಇದನ್ನ ನಂಬು ಅಂತೀಯಾ?"

"ದೇವರಾಣೆ ಜಾನು."

"ಯಾವ ದೇವರು? ಸುಕುಮಾರನ್ ದೇವರೋ, ಔಸೇಪಚ್ಚನ್ ದೇವರೋ?"

"ನನ್ನ ಮಕ್ಕಳಾಣೆ."

"ಕದ ತೆರೆಸೋಕೆ ಹಿಂಗೆ ಹೇಳ್ತಿದ್ದೀಯ. ಒಳ್ಳೆಯವನು ನೀನು. ಮನೆಗೆ ಹೋಗು, ನೆನೀಬೇಡ."

ನಾನು ತಿರುಗಿ ಚಾತಿ ಮುಖ ನೋಡ್ದೆ. ಥಿಯೇಟರಲ್ಲಿ ಕೇಳಿದ ಪ್ರಶ್ನೆಗೆ ಅವಳಿಗೆ ಆಗ ಉತ್ತರ ಸಿಕ್ತು. ಬೈಯಲಿಲ್ಲ. ಒಂದು ಕಲ್ಲು ತಗೊಂಡು ಹೊಡೆದಿದ್ರೆ ನಂಗೆ ಸಮಾಧಾನ ಆಗ್ತಿತ್ತು. ಅವಳು ನನ್ನನ್ನ ನೋಡಿದ್ದು ಹೊಸಬರನ್ನ ನೋಡೋ ಹಾಗೆ. ಆಮೇಲೆ ಕದದ ಕಡೆ ತಿರುಗಿ, ದಬ್ಬೆ ಸಂದೀಲಿ ಉಬ್ಬಿದ್ದ ಮಣ್ಣಿನ ಮೇಲೆ ಅಂಗೈ ಇಟ್ಲು.

"ತಮ್ಮಾ" ಅಂತ ಕರಿಯನ್‌ನ ಕರೆದ್ಲು. "ಎಲ್ಲರನ್ನೂ ಗದ್ದೆ ಆಚೆಗೆ ಕರ್ಕೊಂಡು ಹೋಗು."

ಕರಿಯನ್‌ಗೆ ತಕ್ಷಣ ಗೊತ್ತಾಯ್ತು. "ಬೇಡ ಅಕ್ಕಾ. ಅವಳು ಬದುಕಿದ್ದಾಳೆ. ಅವಳ ಕಿವಿಗೆ ಬಿದ್ರೆ ಮುಗೀತು. ನಾಳೆ ನಂಗೆ ಯಾರು ಹೇಳ್ತಾರೆ? ನಿಂಗೆ ಯಾರು ಹೇಳ್ತಾರೆ?"

"ಗೊತ್ತು."

"ಒಬ್ಬಳ ಹಟಕ್ಕೆ ಇಡೀ ಹಾಡಿ—"

"ಗೊತ್ತು ಅಂದೆನಲ್ಲ. ಹೋಗು."

ಕರಿಯನ್ ಆ ಮಳೇಲಿ ಅಕ್ಕನ ಕಾಲು ಹಿಡಿದ. ಎಪ್ಪತ್ತರ ಹತ್ರದ ಗಂಡಸು. ಅವಳು ಅವನ ತಲೆ ಸವರಿ, ಮೆಲ್ಲಗೆ ಕೈ ಬಿಡಿಸ್ಕೊಂಡ್ಲು. ನಾವೆಲ್ಲ ಗದ್ದೆ ದಾಟಿ ಆಚೆ ಬದುವಿಗೆ ಹೋದ್ವಿ. ಸುಕುಮಾರನ್ ಕೊಡೆ ಮಡಚಿ ಹಿಡ್ಕೊಂಡು ನಿಂತಿದ್ದ, ಯಾಕೆ ಅಂತ ಗೊತ್ತಿಲ್ಲ. ಅಲ್ಲಿಂದ ನೋಡಿದ್ರೆ ಚಾತಿ ಕದಕ್ಕೆ ಬಾಯಿ ಇಟ್ಟು ಬಗ್ಗಿದ್ದು ಮಾತ್ರ ಕಾಣ್ತಿತ್ತು. ಮಳೆ ಶಬ್ದದಲ್ಲಿ ಬೇರೆ ಏನೂ ಕೇಳ್ಲಿಲ್ಲ. ಕೇಳಿಸ್ಕೊಳ್ಳೋ ಆಸೆಯೂ ನಂಗೆ ಇರ್ಲಿಲ್ಲ. ಹುಟ್ಟಿದ ಮೇಲೆ ಮೊದಲನೇ ಸಲ, ಒಂದು ಕತೆಯ ಕೊನೆ ಬೇಡ ಅನ್ನಿಸ್ತು. ಒಂದು ಬೀಡಿ ಮುಗಿಯೋವಷ್ಟು ಹೊತ್ತು ಹೇಳಿರ್ಬೇಕು.

ಆಮೇಲೆ ಕದದ ಮಣ್ಣು ಒಳಗಿಂದ ಉದುರೋಕೆ ಹತ್ತಿತು. ಜಾನು ಉಗುರಲ್ಲಿ ಕೆರೆದು ತೆಗೀತಿದ್ಲು, ಕತ್ತಿಯಲ್ಲಲ್ಲ. ಕದ ತೆರೆದಾಗ ಅವಳ ಹತ್ತೂ ಬೆರಳಿನ ತುದೀಲಿ ರಕ್ತ ಇತ್ತು. ಹೊರಗೆ ಬಂದು ಅಮ್ಮನ ಮಡಿಲಲ್ಲಿ ತಲೆ ಇಟ್ಟು ಮಲಗಿದ್ಲು. ಅಳಲಿಲ್ಲ. ಗೀತೂನ ಆ ಮಧ್ಯಾಹ್ನವೇ ಮಣ್ಣು ಮಾಡಿದ್ವಿ. ಗುಂಡೀಲಿ ನೀರು ನಿಲ್ತಿತ್ತು, ಕರಿಯನ್ ಮತ್ತೆ ಮತ್ತೆ ಮೊಗೆದು ಹಾಕ್ದ.

ಆ ಕೊನೇಲಿ ಏನಿತ್ತು, ಬಾಗಿಲು ಹೆಂಗೆ ತೆರೀತು, ನಂಗೆ ಗೊತ್ತಿಲ್ಲ. ಬಿನು ಸುದ್ದಿ ಕೇಳಿ ಬಂದಿದ್ದ. ಹಾಡಿ ದಾರೀಲಿ ಕಲ್ಲಿನ ಮೇಲೆ ಕೂತು ಬಹಳ ಅತ್ತ. "ಚೇಟ್ಟಾ, ನಾನು ಒಳ್ಳೇದು ಅಂತಲೇ ಮಾಡ್ದೆ" ಅಂದ. ಹೌದು ಮಾರಾಯ, ನೀನು ನಂಬಿ ಮಾಡ್ದೆ, ನಾನು ನಂಬದೇ ಹೇಳ್ದೆ ಅಂದೆ. ಅವನನ್ನ ಹಾಡಿ ಒಳಗೆ ಕರ್ಕೊಂಡು ಹೋಗ್ಲಿಲ್ಲ.

ಆ ವರ್ಷವೂ ನಾಟಿಗೆ ಚಾತಿ ಬಂದ್ಲು. ಎಡಗಡೆ ಕೊನೇಲೇ ನಿಂತ್ಲು. ಹೆಂಗಸರು ಕಾದರು. ಅವಳು ಬಗ್ಗಿದ್ಲು, ನಾಟಿ ಮಾಡಿದ್ಲು, ಅಷ್ಟೇ. ಮಧ್ಯದಲ್ಲಿ ಯಾರೋ ಅಂಜನ ಅನ್ನೋ ಹೊಸ ಹುಡುಗಿ, "ಅಜ್ಜೀ, ಏನಾದ್ರೂ ಹೇಳು, ಸೊಂಟ ಹಿಡೀತಿದೆ" ಅಂದ್ಲು. ಚಾತಿ, "ಸೊಂಟ ಇದ್ರೆ ಹಿಡೀತದೆ" ಅಂದ್ಲು. ಆಮೇಲೆ ಅವಳು ಬದುಕಿದ್ದ ಎರಡು ವರ್ಷದಲ್ಲಿ ಗದ್ದೇಲಿ ಅವಳಾಡಿದ ಅತಿ ಉದ್ದದ ಮಾತು ಅದೇ. ಮೂರು ದಿನದ ನಾಟಿಗೆ ಐದು ದಿನ ಹಿಡೀತು. ಸಾಲುಗಳೂ ಸೊಟ್ಟ. ನಾನು ಬದುವಿನ ಮೇಲೆ ನಿಂತಿದ್ದೆ, ನನ್ನನ್ನ ಯಾರೂ ಛೇಡಿಸ್ಲಿಲ್ಲ.

ಹಾಡೀಲಿ ಅದಾದ ಮೇಲೆ ಇಬ್ಬರು ಸತ್ತರು. ವೆಳ್ಳನ್ ಅನ್ನೋ ಮುದುಕ ಒಬ್ಬ, ಇನ್ನೊಂದು ಹಸುಗೂಸು. ಎರಡೂ ಸಲ ಜನ ಚಾತಿ ಕಡೆ ನೋಡಿದ್ರು. ಅವಳು ಹೆಣದ ಪಕ್ಕ ಹೋಗ್ಲಿಲ್ಲ, ದೂರದಲ್ಲಿ ಕೂತು ನೆಲ ನೋಡಿದ್ಲು. ವೆಳ್ಳನ ಮಗ ಅವಳ ಮುಂದೆಯೇ ಉಗಿದು ಹೋದ. ಅವಳು ಸೆರಗು ಎಳ್ಕೊಂಡ್ಲು, ಅಷ್ಟೇ. ನನ್ನ ಮುಖಕ್ಕೆ ಯಾರೂ ಉಗೀಲಿಲ್ಲ. ಊರಿನ ಮುದುಕ, ಸುಳ್ಳು ಹೇಳಿ ನಗಿಸೋನು, ಅವನಿಗೇನು ಅನ್ನೋದು.

ಇಪ್ಪತ್ತಾರು ದಿನದ ಹಿಂದೆ, ಬೆಳಿಗ್ಗೆ ಗಂಜಿ ಕುಡಿದು ಗೋಡೆಗೆ ಒರಗಿ ಕೂತೋಳು ಹಂಗೇ ಹೋದ್ಲು. ಕರಿಯನ್ ಬಂದು ಕರೆದ. ಹೋದೆ. ಎಲ್ಲರೂ ಅಂಗಳದ ಅಂಚಿಗೆ ಸರಿದು ನಿಂತಿದ್ರು. ಜಾನು ಸ್ನಾನ ಮಾಡಿ ಒದ್ದೆ ಸೀರೇಲಿ ಬಂದು ಅಮ್ಮನ ತಲೆ ಹತ್ರ ಕೂತ್ಲು. ಅಮ್ಮನ ಕಿವಿ ಮೇಲಿನ ಕೂದಲು ಸರಿಸಿ, ಬಗ್ಗಿ, ಬಾಯಿ ಇಟ್ಲು. ಹಾಡಿ ಹಾಡಿಯೇ ಉಸಿರು ಹಿಡ್ಕೊಂತು. ಕರಿಯನ್ ಕಣ್ಣಲ್ಲಿ ಒಂಥರಾ ಆಸೆ ಬಂತು. ಒಡೆದಿಲ್ವೇನೋ, ಜಾನು ಬಾಯಿಗೆ ಬಂದಿದೆಯೇನೋ, ನಮಗೂ ಉಳಿದಿದೆಯೇನೋ ಅಂತ. ಜಾನು ತುಟಿ ಬಹಳ ಹೊತ್ತು ಆಡ್ತಿತ್ತು. ಎದ್ದಾಗ ಹೆಂಗಸರು ಅವಳ ಕೈ ಮುಟ್ಟಿ ಕಣ್ಣಿಗೆ ಒತ್ಕೊಂಡ್ರು.

ನಿನ್ನೆ ನಮ್ಮ ಗದ್ದೇಲಿ ಕಳೆ ಕೀಳ್ತಿದ್ಲು. ಸುತ್ತ ಯಾರೂ ಇರ್ಲಿಲ್ಲ. ಕೇಳ್ಬಾರ್ದಿತ್ತು, ಕೇಳ್ದೆ.

"ಅಮ್ಮಂಗೆ ಹೇಳಿದ್ಯಾ ಜಾನು?"

ಅವಳು ಕಳೆ ಕಟ್ಟನ್ನ ಬದುವಿಗೆ ಎಸೆದ್ಲು.

"ಅವಳೇ ಒಡೆದ ಮಡಕೆ ಅಪ್ಪಯ್ಯ. ಅದರಲ್ಲಿ ಏನು ತುಂಬ್ಲಿ?" ಅಂದ್ಲು. "ಬರೀ ತುಟಿ ಆಡಿಸ್ದೆ. ಜನ ನೋಡ್ತಿದ್ರಲ್ಲ."

"ಬರೀಲಾ ಇದನ್ನ?"

"ಬರಿ. ಹಾಡೀಲಿ ಕನ್ನಡ ಓದೋರು ಯಾರೂ ಇಲ್ಲ" ಅಂದು, ಮತ್ತೆ ಬಗ್ಗಿದ್ಲು.